ರಿಯಾಯಿತಿ ಅರ್ಜಿಯಲ್ಲಿ ನಾವು ಕೇಳದೇ ಬಿಟ್ಟಿದ್ದ ಪ್ರಶ್ನೆ

ಮಂಡ್ಯದ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಶುಲ್ಕದ ಲೆಕ್ಕ ನೋಡುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಶುಲ್ಕ ರಿಯಾಯಿತಿಯ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ದಾಖಲೆಗಳು ಸರಿಯಾಗಿವೆಯೇ ಎಂದು ನೋಡಿ, ಪಟ್ಟಿ ಮಾಡಿ ಆಡಳಿತ ಮಂಡಳಿಯ ಮುಂದಿಡುವುದು ನನ್ನ ಕೆಲಸ. ಇದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ, 2024ರ ಜೂನ್‌ವರೆಗೆ.

ಅದು ಕನ್ನಂಬಾಡಿ ಕಟ್ಟೆ ತುಂಬದೇ ಹೋದ 2023ರ ಮರುವರ್ಷ. ನಾಲೆಯ ನೀರು ನಂಬಿ ಕೆಟ್ಟವರು, ಒಣಗುವ ಮೊದಲೇ ಸಿಕ್ಕ ಬೆಲೆಗೆ ಕಬ್ಬನ್ನು ಆಲೆಮನೆಗೆ ಕೊಟ್ಟವರು, ಎಲ್ಲರ ಅರ್ಜಿಗಳೂ ಬಂದಿದ್ದವು. ಜೊತೆಗೆ ಪ್ರತಿ ವರ್ಷ ಬರುವ ಇನ್ನೊಂದು ಗುಂಪು: ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಉಚಿತ ಸೀಟಿನಲ್ಲಿ ಓದಿದ ಮಕ್ಕಳ ಪೋಷಕರು. 2009ರ ಕಾಯ್ದೆಯ ಉಚಿತ ಶಿಕ್ಷಣ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತನೇ ತರಗತಿಗೆ ಕಾಲಿಟ್ಟ ದಿನದಿಂದ ಪೂರ್ತಿ ಶುಲ್ಕ. ಎಂಟು ವರ್ಷ ಓದಿದ ಶಾಲೆಯನ್ನು ಎಸ್ಸೆಸ್ಸೆಲ್ಸಿ ಹತ್ತಿರವಿರುವಾಗ ಬಿಡಿಸಲು ಯಾವ ತಂದೆತಾಯಿಗೂ ಮನಸ್ಸು ಬರುವುದಿಲ್ಲ.

ಅಂಥವರಲ್ಲಿ ಒಬ್ಬರು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯ ರೈತರು. ಅರ್ಜಿಗೆ ಯಾವ ಕೊರತೆಯೂ ಇರಲಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್ ಪ್ರತಿ ಎಲ್ಲವೂ ಇದ್ದವು. ಆದರೆ ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುವ ಕಾಗದ. ಮಾಡಿಸಿದ ದಿನದ ಆದಾಯವೇ ಬೇರೆ, ಇಂದಿನದೇ ಬೇರೆ. ಇನ್ನೂ ಹೇಳಬೇಕೆಂದರೆ, ಮೂವತ್ತು ಅರ್ಜಿ ಒಟ್ಟಿಗಿಟ್ಟರೆ ಮೂವತ್ತರಲ್ಲೂ ಹೆಚ್ಚುಕಡಿಮೆ ಒಂದೇ ಮೊತ್ತ ಇರುತ್ತದೆ. ಅದನ್ನು ನೋಡಿ ಯಾರ ಕಷ್ಟ ಎಷ್ಟೆಂದು ಅಳೆಯಲು ಮಂಡಳಿಗೆ ಸಾಧ್ಯವೇ ಇಲ್ಲ. ಉಳಿಯುವುದು ಪತ್ರ ಒಂದೇ. ಅವರ ಪತ್ರವನ್ನು ಟೈಪಿಂಗ್ ಅಂಗಡಿಯವರು ಬರೆದಿದ್ದರು: 'ನಾನು ತೀರಾ ಬಡವನಾಗಿದ್ದು, ತಾವು ದಯಮಾಡಿ ಶುಲ್ಕ ಕಡಿಮೆ ಮಾಡಿಕೊಡಬೇಕಾಗಿ ವಿನಂತಿ.' ಅದೇ ವಾಕ್ಯವಿದ್ದ ಪತ್ರಗಳು ಆ ವರ್ಷ ಇನ್ನೂ ಆರು ಬಂದಿದ್ದವು.

ಮಂಡಳಿ ಬೋಧನಾ ಶುಲ್ಕದಲ್ಲಿ ಶೇ 20 ಕಡಿಮೆ ಮಾಡಿತು. ಉಳಿದದ್ದನ್ನು ಜೂನ್ 15ರೊಳಗೆ ಕಟ್ಟಬೇಕೆಂದು ನಾನೇ ಟಿಪ್ಪಣಿ ಬರೆದೆ. ಕಡತ ಮುಚ್ಚಿತು.

ಶಾಲೆ ಶುರುವಾಗಿ ಎರಡು ವಾರವಾದರೂ ಆ ರೈತರ ಮಗಳು ಬರಲಿಲ್ಲ. ಫೋನ್ ಮಾಡಿದಾಗ ಮರುದಿನ ಅವರೇ ಬಂದರು. ಒಳಗೆ ಕರೆದು ಕುರ್ಚಿ ಹಾಕಿಸಿದೆ. ಕೂರಲಿಲ್ಲ. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿದ್ದ ಕಾಗದವನ್ನು ನನ್ನ ಮೇಜಿನ ಮೇಲೆ ಅಂಗೈಯಿಂದ ಸವರಿ ಸವರಿ ನೇರ ಮಾಡಿದರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನೋಂದಾಯಿಸಿದ ಚೀಟಿ. ಎಕರೆ, ಗುಂಟೆ, ತಳಿ, ನಾಟಿ ಮಾಡಿದ ತಿಂಗಳು.

"ಮೇಡಂ, ಕಡಿಮೆ ಮಾಡಿ ಎಂದು ನಾನು ಹೇಳಲೇ ಇಲ್ಲ. ಅದು ಅಂಗಡಿಯವರು ಬರೆದದ್ದು. ಕಬ್ಬು ಕಡಿಯುವವರೆಗೆ ಟೈಮ್ ಕೊಡಿ ಎಂದು ಕೇಳಲು ಬಂದಿದ್ದೆ. ನೀವು ಅರ್ಜಿ ಕೊಟ್ಟು ಹೋಗಿ ಎಂದಿರಿ."

ನಿಜ. ಹಾಗೆ ಹೇಳಿದ್ದು ನಾನೇ. ಕೌಂಟರ್ ಮುಂದೆ ಹತ್ತು ಜನರ ಸಾಲಿತ್ತು, ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಮಂಡ್ಯದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಕಡೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವುದು ಸಾಮಾನ್ಯವಾಗಿ ಜೂನ್ ಕಳೆದ ಮೇಲೆ ಎಂದು ನನಗೆ ಗೊತ್ತಿಲ್ಲವೇ? ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಅದು ಕೈಸೇರುವುದು ತಡವಾಗುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೂ ರೈತನ ಕೈ ಪೂರ್ತಿ ಖಾಲಿ ಇರುವ ತಿಂಗಳಿಗೇ ಗಡುವು ಹಾಕಿದ್ದೆ. ಆ ಹದಿನೈದು ದಿನ ಹುಡುಗಿ ಮನೆಯಲ್ಲಿ ಕೂತಿದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ.

ಮುಖ್ಯೋಪಾಧ್ಯಾಯರ ಬಳಿ ಆ ಚೀಟಿಯನ್ನೇ ಹಿಡಿದುಕೊಂಡು ಹೋದೆ. ಅಕ್ಟೋಬರ್ ಮತ್ತು ಜನವರಿಗೆ ಎರಡು ಕಂತು ಎಂದು ತೀರ್ಮಾನವಾಯಿತು. ಹುಡುಗಿ ಮರುದಿನವೇ ತರಗತಿಗೆ ಬಂದಳು. ಎರಡೂ ಕಂತುಗಳನ್ನು ಅವರು ಹೇಳಿದ ವಾರದಲ್ಲೇ ಕಟ್ಟಿದರು.

ಈಗ ಅರ್ಜಿ ಕೊಡಲು ಬರುವವರಿಗೆ ನಾನು ಮೊದಲೇ ಹೇಳುವ ಮಾತುಗಳಿವೆ. ಪತ್ರವನ್ನು ನೀವೇ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ಬಡತನ ಎಂಬ ಪದ ಬೇಡ, ಏನಾಯಿತು ಎಂಬುದು ಬೇಕು: ಯಾವ ಬೆಳೆ ಹೋಯಿತು, ಯಾವ ತಿಂಗಳು ಕೆಲಸ ಬಿಟ್ಟಿತು, ಆಸ್ಪತ್ರೆಗೆ ಎಷ್ಟು ಕಟ್ಟಿದಿರಿ. ಬಿಲ್ ಇದ್ದರೆ ಪ್ರತಿ ಲಗತ್ತಿಸಿ. ನಿಮ್ಮಿಂದ ಎಷ್ಟು ಕಟ್ಟಲು ಆಗುತ್ತದೆ ಎಂದು ಖಚಿತವಾಗಿ ಬರೆಯಿರಿ. ಆ ಒಂದು ಸಾಲಿದ್ದರೆ ಮಂಡಳಿಗೆ ತೀರ್ಮಾನ ಎಷ್ಟೋ ಸುಲಭ. ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರವೋ, ವ್ಯಾನ್ ಮತ್ತು ಪುಸ್ತಕಕ್ಕೂ ಸೇರಿದೆಯೋ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕೋ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಪಡೆಯುವ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ನಂಬಿಕೊಂಡು ಕೆಲವರು ಬರುತ್ತಾರೆ. ವರ್ಷಕ್ಕೆ 12,000 ರೂಪಾಯಿಯ ಆ ನೆರವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ, ನಮ್ಮಂಥ ಅನುದಾನರಹಿತ ಶಾಲೆಯವರಿಗಲ್ಲ. ಇದನ್ನು ಏಪ್ರಿಲ್‌ನಲ್ಲೇ ತಿಳಿಸಿದರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ನಮ್ಮ ಅರ್ಜಿ ನಮೂನೆಗೆ 2025ರಲ್ಲಿ ಒಂದು ಕಾಲಂ ಸೇರಿಸಿಸಿದೆ: 'ನಿಮ್ಮ ಕೈಗೆ ಹಣ ಬರುವ ತಿಂಗಳು ಯಾವುದು?' ರೇಷ್ಮೆ ಗೂಡು ಮಾಡುವವರು ಮುಂದಿನ ಬೆಳೆಯ ತಿಂಗಳು ಬರೆದರು. ಹಸು ಸಾಕಿದ ಒಬ್ಬ ತಾಯಿ 'ಡೇರಿ ಬಟವಾಡೆ ಆದಾಗೆಲ್ಲ ಸ್ವಲ್ಪ ಸ್ವಲ್ಪ' ಎಂದು ಬರೆದರು. ಆ ಕಾಲಂ ಖಾಲಿ ಬಿಟ್ಟವರು ಇಬ್ಬರೇ. ಅವರಿಬ್ಬರಿಗೂ ಅದೇ ದಿನ ಸಂಜೆ, ಕೌಂಟರ್ ಮುಚ್ಚಿದ ಮೇಲೆ, ನಾನೇ ಫೋನ್ ಮಾಡಿದೆ.