ಚಿಂಚೋಳಿ ಕಾಡಿನ ಮುತ್ತಲ ಬುಡ

ಮಾರ್ಚ್ ಮೊದಲ ವಾರ. ಬೆಳಿಗ್ಗೆ ಐದಕ್ಕೇ ನಾನು, ನನ್ನ ತಮ್ಮ ಬೈಕ್ ಹತ್ತಿ ಕಲಬುರಗಿ ಬಿಟ್ಟೆವು. ದಾರಿಯುದ್ದಕ್ಕೂ ತೊಗರಿ ಕೊಯ್ದ ಕರಿ ಹೊಲ, ಬಿರುಕು ಬಿಟ್ಟ ನೆಲ. ಚಿಂಚೋಳಿ ದಾಟಿ ಗುಡ್ಡದ ಕಡೆ ತಿರುಗಿದ ಮೇಲೆ ಮಣ್ಣು ಕೆಂಪಾಯಿತು. ಮರಗಳ ಮೇಲೆ ಎಲೆಯೇ ಇಲ್ಲ. ಅಲ್ಲಲ್ಲಿ ಮುತ್ತಲ ಹೂ ಮಾತ್ರ ಕೆಂಡದ ಹಾಗೆ. ಮುತ್ತುಗ ಅಂತಾರಲ್ಲ, ಅದಕ್ಕೇ ನಮ್ಮ ಕಡೆ ಮುತ್ತಲ ಅನ್ನೋದು.

"ಅಣ್ಣಾ, ಕಾಡೆಲ್ಲ ಒಣಗಿ ಹೋಗ್ಯಾದಲ್ಲ" ಅಂದ ತಮ್ಮ.

ಒಣಗಿರಲಿಲ್ಲ. ಇದು ಎಲೆ ಉದುರಿಸುವ ಕಾಡು. ನೀರು ಉಳಿಸಿಕೊಳ್ಳೋಕೆ ಬೇಸಿಗೆಯಲ್ಲಿ ಎಲೆ ಬಿಡುತ್ತದೆ. ಹಸಿರು ಕಾಣದಿದ್ದರೆ ಕಾಡು ಸತ್ತಿದೆ ಅಂದುಕೊಳ್ಳೋದು ನಮ್ಮೆಲ್ಲರ ತಪ್ಪು. 134.88 ಚದರ ಕಿಲೋಮೀಟರ್ ಇರುವ ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ ಇಲ್ಲಿವೆ. ನಮಗೆ ಕಾಣಲಿಲ್ಲ. ಎತ್ತಿಪೋತ ಜಲಪಾತದಲ್ಲಿ ನೀರೂ ಇರಲಿಲ್ಲ. ಚಂದ್ರಂಪಳ್ಳಿ ಕೆರೆಯ ಹತ್ತಿರ ಸ್ವಲ್ಪ ಹೊತ್ತು ಕೂತು ಮುಂದೆ ಹೊರಟೆವು.

ಕಾಡಿನ ಅಂಚಿಗೆ ಅಕೇಶಿಯಾ ನೆಡುತೋಪು. ಇದು ಆಸ್ಟ್ರೇಲಿಯಾ ಕಡೆಯ ಮರ. ಬೋಳು ನೆಲದಲ್ಲೂ ಬೇಗ ಬೆಳೆಯುತ್ತದೆ, ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಆದರೆ ಕುಡುಗೋಲಿನಂಥ ಅದರ ಎಲೆ ಬೇಗ ಕೊಳೆಯೋದಿಲ್ಲ. ಕಾಲಿಟ್ಟರೆ ಚರಚರ ಸದ್ದು, ಕೆಳಗೆ ಹುಲ್ಲೂ ಇಲ್ಲ. ಒಂದು ಕಡೆ ಮಾತ್ರ ಕೊಂಬೆಯ ಕೆಳಗೆ ಗೇಣುದ್ದದ ಮೂರು ಬೇವಿನ ಸಸಿ ಎದ್ದಿದ್ದವು. ಮೇಲಿನ ಕೊಂಬೆ ತುಂಬ ಹಕ್ಕಿ ಹಿಕ್ಕೆಯ ಬಿಳಿ ಗೆರೆ. ಅವನ್ನು ಯಾರೂ ನೆಟ್ಟಿರಲಿಲ್ಲ, ಹಣ್ಣು ತಿಂದ ಹಕ್ಕಿ ಅಲ್ಲಿ ಕೂತಿತ್ತು, ಅಷ್ಟೇ. ನಾನು ಮೊಣಕಾಲೂರಿ ತುಂಬ ಹೊತ್ತು ನೋಡಿದೆ.

ಮಧ್ಯಾಹ್ನ ಹತ್ತಿರದ ತಾಂಡಾದಲ್ಲಿ ನೀರು ಕೇಳಿದೆವು. ಅಲ್ಲಿದ್ದ ಹಿರಿಯರೊಬ್ಬರು ತಮ್ಮ ಹೊಲದ ಬದುವಿಗೆ ಕರೆದುಕೊಂಡು ಹೋದರು. ಮಸಿ ಹಿಡಿದ ಒಂದು ಮುತ್ತಲ ಬುಡ. ಸುತ್ತ ಬೆರಳು ದಪ್ಪದ ಹನ್ನೊಂದು ಚಿಗುರು ಕಡ್ಡಿ.

"ಇದು ಸತ್ತದೇನು ಕಾಕಾ?" ಅಂದೆ.

"ಸತ್ತಿಲ್ಲ ತಮ್ಮಾ. ಪ್ರತಿ ವರ್ಷ ಬೆಂಕಿ ಹತ್ತತದ, ಮ್ಯಾಲಿಂದಷ್ಟೇ ಸುಡತದ. ಬೇರು ನನಗಿಂತ ಮುದಿ ಅದ" ಅಂದರು. ಒಂದೆರಡು ಗಟ್ಟಿ ಕಡ್ಡಿ ಉಳಿಸಿ, ಉಳಿದದ್ದು ಸವರಿ, ನಾಲ್ಕು ವರ್ಷ ಬೆಂಕಿ ತಾಗದ ಹಾಗೆ ನೋಡಿಕೊಂಡರೆ ಮರ ಆಗ್ತದಂತೆ.

ಇದನ್ನೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ದೊಡ್ಡದಾಗಿ ಮಾಡಿ ತೋರಿಸಿದ್ದಾರೆ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಗ್ವಾನಕಾಸ್ತೆಯಲ್ಲಿ ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್‌ಜೆನ್, ವಿನಿ ಹಾಲ್ವಾಕ್ಸ್ ದಂಪತಿ 1980ರ ದಶಕದಿಂದ ನಮ್ಮಂಥದ್ದೇ ಒಣ ಕಾಡನ್ನು ವಾಪಸ್ ತರುತ್ತಿದ್ದಾರೆ. ಅಲ್ಲಿ ದನಕ್ಕೆಂದು ಆಫ್ರಿಕಾದಿಂದ ತಂದ ಹುಲ್ಲು ಹಬ್ಬಿ ವರ್ಷ ವರ್ಷ ಬೆಂಕಿ ಬೀಳುತ್ತಿತ್ತು. ಅವರು ಮೊದಲು ಬೆಂಕಿ ನಿಲ್ಲಿಸಿದರು. ಬೀಜವನ್ನು ಗಾಳಿ, ಹಕ್ಕಿ, ಪ್ರಾಣಿಗಳೇ ತಂದವು.

ಆದರೆ ಅವಸರ ಮಾಡುವ ಹಾಗಿಲ್ಲ. ಅಮೆರಿಕ ಖಂಡಗಳ ಮತ್ತು ಪಶ್ಚಿಮ ಆಫ್ರಿಕಾದ ಉಷ್ಣವಲಯದ 77 ಕಡೆ ತಾನಾಗಿ ಬೆಳೆದ ಕಾಡುಗಳ ಅಧ್ಯಯನವೊಂದು 2021ರಲ್ಲಿ ಬಂತು. ಮಣ್ಣು ಹತ್ತು ವರ್ಷದೊಳಗೆ ಸುಧಾರಿಸುತ್ತದೆ. ಎಷ್ಟು ಜಾತಿ ಮರ ಇದ್ದವೋ ಅಷ್ಟಾಗಲು ಸುಮಾರು 60 ವರ್ಷ ಬೇಕು. ಮೊದಲಿದ್ದ ಜಾತಿಯ ಮರಗಳೇ, ಮೊದಲಿನಷ್ಟೇ ಒಟ್ಟು ತೂಕದಲ್ಲಿ ಬೇಕೆಂದರೆ 120 ವರ್ಷಕ್ಕೂ ಜಾಸ್ತಿ. ಕಾಕಾಗೆ ಹೇಳಿದೆ. ಅವರು ತಲೆದೂಗಿ, ಬುಡದ ಸುತ್ತಲಿನ ಒಣ ಹುಲ್ಲು ಕೈಯಿಂದಲೇ ಕೀಳತೊಡಗಿದರು. ನಾವೂ ಕೂತೆವು. ಮೂರು ಮಾರು ಜಾಗ ಸ್ವಚ್ಛ ಮಾಡುವಷ್ಟರಲ್ಲಿ ಬಿಸಿಲು ಇಳಿದಿತ್ತು.

ನಮ್ಮ ಹೊಲದ ಬದುವಿನ ಮೇಲೂ ಇಂಥ ಬುಡಗಳಿವೆ. ಪ್ರತಿ ಬೇಸಿಗೆ ಕಸದ ಜೊತೆ ಅವನ್ನೂ ಸುಡುತ್ತೇವೆ. ಚಿಂಚೋಳಿಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ತಮ್ಮ ಅಪ್ಪಗೆ ಫೋನ್ ಹಚ್ಚಿದ. "ಅಪ್ಪಾ, ಈ ಸಲ ಬದುವಿಗೆ ಬೆಂಕಿ ಹಚ್ಚಬ್ಯಾಡ. ನಾವು ಬಂದು ಹುಲ್ಲು ಕೊಯ್ತೀವಿ."