ಮುಂದಿನ ನಿಲ್ದಾಣ ಟ್ರಿನಿಟಿ

ಇವತ್ತು ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ ಟ್ರಿನಿಟಿ’ ಅಂದ ತಕ್ಷಣ ಪಕ್ಕದ ಪುಟ್ಟ ಹುಡುಗಿ, ‘ಹಂಗಂದ್ರೇನಮ್ಮಾ?’ ಅಂದಳು. ‘ಚರ್ಚ್ ಹೆಸರು ಕಣೇ.’

ಸರಿಯೇ. ತಂದೆ, ಮಗ, ಪವಿತ್ರಾತ್ಮ, ಮೂವರೂ ಒಂದೇ ದೇವರು ಅನ್ನುವ ನಂಬಿಕೆಯ ಹೆಸರು. ನಮ್ಮ ಬೆಂಗಳೂರಲ್ಲಿ ಅದು ಸರ್ಕಲ್ಲೂ ಆಯಿತು, ಸ್ಟೇಷನ್ನೂ ಆಯಿತು. ಕೇಂಬ್ರಿಜ್‌ನಲ್ಲಿ ಕಾಲೇಜು, ಗಣಿತಜ್ಞ ರಾಮಾನುಜನ್ 1918ರಲ್ಲಿ ಫೆಲೋ ಆಗಿದ್ದು ಅಲ್ಲೇ.

ಆದರೆ 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬ್ ಪರೀಕ್ಷೆಗೂ ಇದೇ ಹೆಸರು! ಇಟ್ಟವರು ಆ ಬಾಂಬ್ ತಯಾರಿಕೆಯ ಮುಂದಾಳು ವಿಜ್ಞಾನಿ ಓಪನ್‌ಹೈಮರ್. ಯಾಕೆ ಅಂತ ಆಮೇಲೆ ಕೇಳಿದರೆ ಅವರಿಗೇ ಸ್ಪಷ್ಟವಿರಲಿಲ್ಲ. ಇಂಗ್ಲಿಷ್ ಕವಿ ಜಾನ್ ಡನ್‌ನ ಕವಿತೆಯೊಂದು ತಲೆಯಲ್ಲಿತ್ತಂತೆ, ಅಷ್ಟೇ. ಆ ಶಾಖಕ್ಕೆ ಮರಳು ಕರಗಿ ಹಸಿರು ಗಾಜಾಯಿತು. ಅದನ್ನೂ ಬಿಡಲಿಲ್ಲ, ಟ್ರಿನಿಟೈಟ್ ಅಂದರು.

ಇದನ್ನೆಲ್ಲ ಆ ಹುಡುಗಿಗೆ ಹೇಳೋಕಾಗುತ್ತಾ? ಸುಮ್ನೆ ಕೂತೆ. ಅವಳಾಗಲೇ ಕಿಟಕಿಯಾಚೆ ಚರ್ಚ್ ಹುಡುಕುತ್ತಿದ್ದಳು.