ಕುಡಿಯದವಳಿಗೆ ಪಬ್ಬಿನಲ್ಲಿ ಏನು ಕೆಲಸ?

"ನೀನು ಕುಡಿಯಲ್ಲ ಅಂತೀಯ, ಮತ್ತೆ ಪಬ್ಬಿಗೆ ಯಾಕೆ ಹೋಗ್ತೀಯ?"

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಒಂದು ಹಳ್ಳಿಯಲ್ಲಿ ಮನೆ ಮಾಡಿದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಊರಿಗೆ ಫೋನ್ ಮಾಡಿದರೆ ಚಿಕ್ಕಮ್ಮ ಕೇಳುತ್ತಾರೆ. ಯುಗಾದಿಗೆ ಇಲ್ಲಿನ ಕನ್ನಡದವರು ಸೇರಿದಾಗ, ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಉತ್ತರ ಚಿಕ್ಕದು. ಕೂರೋಕೆ ಹೋಗುತ್ತೇನೆ. ನಮ್ಮ ಹಳ್ಳಿಯಲ್ಲಿ ಅಂಗಡಿ ಇಲ್ಲ. ಪೋಸ್ಟ್ ಆಫೀಸ್ ಮುಚ್ಚಿದೆ. ಸಂಜೆ ಮೇಲೆ ಬಸ್ಸಿಲ್ಲ. ಯಾರ ಮನೆಗೂ ಹೇಳದೆ ಕೇಳದೆ ಹೋಗುವ ರೂಢಿ ಇಲ್ಲ. ಯಾರೂ ಕರೆಯದಿದ್ದರೂ ಹೋಗಿ ನಾಲ್ಕು ಜನರ ಮುಖ ನೋಡಬಹುದಾದ ಜಾಗ ಅಂದರೆ ಪಬ್ ಒಂದೇ.

ಸಿಟ್ಟು ಬರುವುದು ಕೇಳುವ ರೀತಿಗೆ. ದನಿ ತಗ್ಗಿಸಿ "ಅಂಥಾ ಕಡೆಗೆಲ್ಲಾ..." ಅಂತಾರೆ. ಅವರ ಕಣ್ಣ ಮುಂದೆ ಬರುವುದು ಬೆಂಗಳೂರಿನ ಚರ್ಚ್ ಸ್ಟ್ರೀಟ್, ಕತ್ತಲೆ, ಕಿವಿಗಡಚಿಕ್ಕುವ ಹಾಡು. ಆಮೇಲೆ ಇನ್ನೊಂದು: "ನಿನ್ನ ಗಂಡ ಏನೂ ಅನ್ನಲ್ವಾ?" ನನ್ನ ಗಂಡನೂ ಅದೇ ಪಬ್ಬಿಗೆ ಹೋಗುತ್ತಾನೆ. ಅವನನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ.

ಅಮ್ಮ ಬಂದಿದ್ದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಜೂನ್ ತಿಂಗಳು, ರಾತ್ರಿ ಒಂಬತ್ತಾದರೂ ಬೆಳಕು. ಇಲ್ಲಿ ಟೇಬಲ್ ಹತ್ತಿರ ಬಂದು ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ನಾವೇ ಕೌಂಟರಿಗೆ ಹೋಗಿ ಹೇಳಿ, ಆಗಲೇ ದುಡ್ಡು ಕೊಡಬೇಕು. ಕ್ಯೂ ಅಂತ ಕಣ್ಣಿಗೆ ಕಾಣುವುದಿಲ್ಲ, ಆದರೆ ಯಾರಾದ ಮೇಲೆ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಪಬ್ ನಡೆಸುವಾಕೆ ನನ್ನ ಪಕ್ಕದಲ್ಲಿದ್ದ ಅಜ್ಜನ ಕಡೆ ತಿರುಗಿದಳು. ಅವರು ನನ್ನ ಕಡೆ ಕೈ ತೋರಿಸಿ, "ಇವರು ನನಗಿಂತ ಮುಂಚೆ ಬಂದಿದ್ದಾರೆ" ಅಂದರು. ಅಷ್ಟೇ. ಆಗ ನಾವು ಈ ಊರಿಗೆ ಹೊಸಬರು. ನನ್ನನ್ನು ಒಬ್ಬರು ಲೆಕ್ಕಕ್ಕೆ ತಗೊಂಡರು ಅನ್ನುವುದು ಆವತ್ತು ನನಗೆ ಸಣ್ಣ ವಿಷಯವಾಗಿರಲಿಲ್ಲ.

ನನಗೆ ಲೈಮ್ ಸೋಡಾ, ಅಮ್ಮನಿಗೆ ಎಲ್ಡರ್‌ಫ್ಲವರ್ ಹೂವಿನ ಶರಬತ್ತು, ಒಂದು ಪ್ಲೇಟ್ ಚಿಪ್ಸ್. (ಸಸ್ಯಾಹಾರಿಗಳು ಚಿಪ್ಸ್ ಯಾವುದರಲ್ಲಿ ಕರಿದಿದ್ದು ಅಂತ ಮೊದಲೇ ಕೇಳಿ. ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ.) ಸುತ್ತ ಇದ್ದವರ ಕೈಯಲ್ಲಿ 568 ಮಿಲಿಲೀಟರಿನ ಪಿಂಟ್ ಗ್ಲಾಸು. ನೆಲಮಾಳಿಗೆಯ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದ ಏಲ್ ಅನ್ನುವ ಬಿಯರ್ ಐಸಿನಷ್ಟು ತಣ್ಣಗೇನೂ ಇರುವುದಿಲ್ಲ, ಹಾಗಾಗಿ ಬೇಗ ಮುಗಿಸುವ ಅವಸರವೂ ಯಾರಿಗೂ ಇಲ್ಲ. ಒಂದೇ ಗ್ಲಾಸು ಹಿಡಿದುಕೊಂಡು ಹೊತ್ತು ಹೋದದ್ದು ಗೊತ್ತಾಗದ ಹಾಗೆ ಮಾತಾಡುತ್ತಾರೆ.

ಹಿತ್ತಲಿನಲ್ಲಿ ಆಂಟ್ ಸ್ಯಾಲಿ ಆಟ ನಡೆದಿತ್ತು. ಈ ಸೀಮೆಯ ಆಟ, ಬೇರೆ ಕಡೆ ಕಾಣುವುದು ಅಪರೂಪ. ಕಬ್ಬಿಣದ ಸರಳಿನ ತುದಿಯಲ್ಲಿ ಬಿಳಿ ಬಣ್ಣದ ಮೋಟು ಮರದ ತುಂಡು. ಅದಕ್ಕೆ ಡಾಲಿ ಅಂತಾರೆ. ಹತ್ತು ಗಜ ದೂರದಿಂದ ಒಬ್ಬೊಬ್ಬರು ಆರಾರು ಕೋಲು ಎಸೆದು ಅದನ್ನು ಬೀಳಿಸಬೇಕು. ಕೋಲು ಮೊದಲು ಕಬ್ಬಿಣಕ್ಕೆ ಬಡಿದರೆ ಡಾಲಿ ಬಿದ್ದರೂ ಲೆಕ್ಕಕ್ಕಿಲ್ಲ. ಅಮ್ಮನಿಗೆ ಇದು ಗೊತ್ತಿಲ್ಲ. ಠಣ್ ಅಂತ ಸದ್ದಾಯಿತು, ಡಾಲಿ ಹಾರಿತು, ಪಾಯಿಂಟ್ ಕೊಡಲಿಲ್ಲ. "ಬಿತ್ತಲ್ಲೇ! ಇದೆಂಥಾ ಅನ್ಯಾಯ!" ಅಂತ ಕನ್ನಡದಲ್ಲೇ ಎದ್ದು ನಿಂತಳು. ಎಸೆದವನು ತಿರುಗಿ ಅಮ್ಮನನ್ನು ನೋಡಿ, ಪಾಯಿಂಟ್ ಬರೆಯುವವನಿಗೆ "ಕೇಳಿಸ್ತಾ?" ಅಂದ. ಹಿತ್ತಲಿಗೆ ಹಿತ್ತಲೇ ನಕ್ಕಿತು. ಆಮೇಲೆ ಅವನು ಬಂದು ಕೋಲನ್ನು ಅಮ್ಮನ ಕೈಗೆ ಕೊಟ್ಟು ನಿಯಮ ವಿವರಿಸಿದ. ಅಲ್ಲಿದ್ದ ಯಾರೂ ಅಮ್ಮ ಏನು ಕುಡಿಯುತ್ತಿದ್ದಾಳೆ ಅಂತ ನೋಡಲಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ. "ಆ ಪಬ್ ಮುಚ್ಚಿಹೋದರೆ ಏನು ಮಾಡ್ತೀಯ?" ಹಳ್ಳಿಯ ಪಬ್ಬುಗಳು ಮುಚ್ಚುತ್ತಲೇ ಇವೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಯರ್ ಅಗ್ಗ, ಕರೆಂಟು, ಬಾಡಿಗೆ, ಸಂಬಳ ಎಲ್ಲ ದುಬಾರಿ. ಕಟ್ಟಡವನ್ನು ಮನೆ ಮಾಡಿ ಮಾರಿದರೆ ಮಾಲೀಕನಿಗೆ ಲಾಭ ಜಾಸ್ತಿ. ಒಮ್ಮೆ ಮನೆಯಾದರೆ ಮುಗಿಯಿತು, ಅದು ಮತ್ತೆ ಪಬ್ ಆಗುವುದು ಕಷ್ಟ.

ದಾರಿ ಇಲ್ಲದೇನಿಲ್ಲ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನುವ ಹಳ್ಳಿಯಲ್ಲಿ 2003ರಲ್ಲಿ ಜನ ದುಡ್ಡು ಹಾಕಿ ಓಲ್ಡ್ ಕ್ರೌನ್ ಪಬ್ಬನ್ನು ತಾವೇ ಕೊಂಡರು. ನಮ್ಮ ಊರುಗಳ ಹಾಲಿನ ಸೊಸೈಟಿ ಇದ್ದ ಹಾಗೆ, ಸದಸ್ಯರೇ ಮಾಲೀಕರು. ಆಮೇಲೆ ಬೇರೆ ಊರಿನವರೂ ಹೀಗೆ ಮಾಡಿದ್ದಾರೆ. 2011ರ ಲೋಕಲಿಸಂ ಕಾಯ್ದೆಯಲ್ಲಿ ಇನ್ನೊಂದು ಅವಕಾಶ ಬಂತು. ಊರಿಗೆ ಬೇಕಾದ ಕಟ್ಟಡ ಅಂತ ಪಬ್ಬನ್ನು ಸ್ಥಳೀಯ ಕೌನ್ಸಿಲ್ಲಿನ ಪಟ್ಟಿಗೆ ಸೇರಿಸಬಹುದು. ಆಗ ಮಾಲೀಕ ಮಾರಲು ಹೊರಟರೆ, ದುಡ್ಡು ಹೊಂದಿಸಲು ಊರವರಿಗೆ ಆರು ತಿಂಗಳವರೆಗೆ ಸಮಯ ಸಿಗುತ್ತದೆ. ಊರವರಿಗೇ ಮಾರಬೇಕು ಅಂತ ಬಲವಂತವಿಲ್ಲ. ಆದರೂ ಆ ಸಮಯ ಸಿಗುವುದೇ ದೊಡ್ಡದು.

ಪಕ್ಕದ ಹಳ್ಳಿಯ ಪಬ್ಬಿನ ಕಿಟಕಿಗಳಿಗೆ ಈಗ ಹಲಗೆ ಹೊಡೆದಿದ್ದಾರೆ. ಅಲ್ಲಿನವರು ಷೇರು ಕೂಡಿಸುತ್ತಿದ್ದಾರೆ, ನಾನೂ ತಗೊಂಡಿದ್ದೇನೆ. ಇಂಗ್ಲೆಂಡಿನ ಹಳ್ಳಿಗಳಲ್ಲಿರುವ ಕನ್ನಡದವರು ಇದನ್ನು ಓದುತ್ತಿದ್ದರೆ, ನಿಮ್ಮೂರಿನ ಪಬ್ ಕೌನ್ಸಿಲ್ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ನಮ್ಮ ಗ್ರಾಮ ಪಂಚಾಯಿತಿಯಂತಿರುವ ಪ್ಯಾರಿಷ್ ಕೌನ್ಸಿಲ್ ಮೂಲಕ ಅರ್ಜಿ ಹಾಕಿಸಬಹುದು. ಮಾರಾಟದ ಬೋರ್ಡ್ ನೆಟ್ಟ ಮೇಲೆ ಓಡಾಡಬೇಡಿ, ಈಗಲೇ ಹಾಕಿಸಿ.